ಬಿಸಿ ತಟ್ಟದ ಪಾದ

ನನ್ನ ಮುಂದೆ ಕಾಲು ಚಾಚಲು ನಮ್ಮ ಕಡೆಯ ಜನರಿಗೆ ಬಹಳ ಸಂಕೋಚ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ನೋಡುವುದು ನನ್ನ ಕೆಲಸ. ಬರುವವರಿಗೆ ಅದು ಗೊತ್ತು, ಹೊರಗೆ ಬೋರ್ಡೂ ಇದೆ. ಆದರೂ ಒಳಗೆ ಬಂದು ಕೂತವರು ಮೊದಲು ನಾಲಿಗೆ ತೋರಿಸುತ್ತಾರೆ, ಆಮೇಲೆ ಕೈ ಚಾಚುತ್ತಾರೆ, ಹೊಟ್ಟೆ ಉಬ್ಬರದ ಕತೆ ಹೇಳುತ್ತಾರೆ. ಕಾಲು ಮಾತ್ರ ಕುರ್ಚಿಯ ಅಡಿಗೆ ಸೇರಿಕೊಂಡಿರುತ್ತದೆ. ನಾನು ಬಗ್ಗಿ ಪಾದ ಹಿಡಿದರೆ "ಅಯ್ಯಯ್ಯೋ, ನೀವು ಕಾಲು ಮುಟ್ಟಬಾರ್ದ್ರಿ ಡಾಕ್ಟ್ರೇ" ಎಂದು ಹಿಂದಕ್ಕೆ ಎಳೆದುಕೊಂಡು, ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಲೋಕಿಕೆರೆ ಕಡೆಯ ರೈತರೊಬ್ಬರಂತೂ ಪ್ರತಿ ಸಲ ಹುಣ್ಣು ತೋರಿಸಿ ಮುಗಿದ ಮೇಲೆ ನನಗೆ ಅಡ್ಡಬಿದ್ದೇ ಏಳುವುದು. ಬಗ್ಗಬೇಡಿ, ಭಾರವೆಲ್ಲ ಆ ಕಾಲಿನ ಮೇಲೇ ಬೀಳುತ್ತದೆ ಎಂದು ಎಷ್ಟು ಬೈದರೂ ಕೇಳುವುದಿಲ್ಲ.

ನನಗೆ ಸಿಟ್ಟು ಬೇಗ. "ಮುಟ್ಟದೇ ಹೇಳೋಕೆ ನಾನೇನು ಶಾಸ್ತ್ರ ಹೇಳೋಳೇನ್ರಿ? ಕೊಡ್ರಿ ಇಲ್ಲಿ ಕಾಲು" ಎಂದು ಗದರುತ್ತೇನೆ. ಗದರಿದರೆ ಕೊಡುತ್ತಾರೆ. ಇಷ್ಟು ವರ್ಷದಲ್ಲಿ ಆ ಗದರಿಕೆಗೆ ಬಗ್ಗದ ಕಾಲು ಒಂದೇ ಒಂದು, ಅದು ನಮ್ಮ ಅವ್ವನದು.

ಅವ್ವ ಇರುವುದು ಹರಿಹರದಲ್ಲಿ, ನನ್ನ ಅಣ್ಣನ ಮನೆಯಲ್ಲಿ. ಆಕೆಗೂ ಶುಗರ್ ಇದೆ, ಮಾತ್ರೆ ಸರಿಯಾಗಿ ನುಂಗುತ್ತಾಳೆ, ರಕ್ತ ಕೊಡಲು ಹೋದಾಗ ಹೊಸ ಸೀರೆ ಉಡುತ್ತಾಳೆ. ಕಾಲು ತೋರಿಸು ಎಂದರೆ ಮಾತ್ರ ಆಗದು. "ಊರೋರ ಕಾಲೆಲ್ಲ ತೊಳದು ಸಾಕಾಗಿಲ್ಲೇನು ನಿನಗೆ? ನನ್ನ ಕಾಲು ಗಟ್ಟಿ ಅದಾವು, ಸುಮ್ನೆ ಉಣ್ಣು ಬಾ" ಎಂದು ಸೀರೆಯ ನೆರಿಗೆಯೊಳಗೆ ಪಾದ ಮುಚ್ಚಿ ಕೂರುತ್ತಾಳೆ. ಮಗಳು ಡಾಕ್ಟರಾದಳೆಂದು ಓಣಿಗೆಲ್ಲ ಪೇಡೆ ಹಂಚಿದವಳು ಆಕೆ. ಆ ಮಗಳು ಎದೆ ಬಿಟ್ಟು, ತಲೆ ಬಿಟ್ಟು, ಕೊಳೆತ ಕಾಲು ನೋಡುವ ಡಾಕ್ಟರಾದಳಲ್ಲ ಎಂಬ ಬೇಸರ ಇನ್ನೂ ಪೂರ್ತಿ ಹೋಗಿಲ್ಲ. ಯಾರಾದರೂ ಕೇಳಿದರೆ "ಆಪ್ರೇಷನ್ ಮಾಡ್ತಾಳೆ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾಳೆ.

ಅವ್ವ ಮರ್ಯಾದೆ ಕೊಡುವ ಪಾದ ಬೇರೆಯೇ ಇತ್ತು. ಅದು ನಮ್ಮ ಮನೆಯ ಗುರುಗಳಾದ ಅಯ್ಯನವರದು. ನಾವು ಲಿಂಗಾಯತರು. ಮನೆಯಲ್ಲಿ ಮದುವೆ, ತೊಟ್ಟಿಲು, ಸಾವು ಏನೇ ಆದರೂ ಮೊದಲು ಬರಬೇಕಾದವರು ಜಂಗಮರಾದ ಅಯ್ಯನವರು. ಶ್ರಾವಣದ ಸೋಮವಾರ ಅವರನ್ನು ಕರೆದು, ಮಣೆ ಹಾಕಿ ಕೂರಿಸಿ, ಪಾದಪೂಜೆ ಮಾಡಿ, ಪಾದ ತೊಳೆದ ನೀರನ್ನು ತೀರ್ಥವೆಂದು ತೆಗೆದುಕೊಂಡು, ಅವರು ಉಂಡ ಮೇಲೆ ನಾವು ಉಣ್ಣುವುದು. ನಾನು ಲಂಗ ಉಟ್ಟ ಕಾಲದಿಂದ ಬರುತ್ತಿದ್ದವರು ಈ ಅಯ್ಯನವರೇ. ಈಗ ಎಪ್ಪತ್ತು ದಾಟಿದೆ. ಎತ್ತರದ ಆಳು, ಹಣೆ ತುಂಬ ವಿಭೂತಿ, ಬಾಯಿ ತುಂಬ ತಮಾಷೆ. ಚಿಕ್ಕವಳಿದ್ದಾಗ ನಾನು ಪೂಜೆಯ ತಟ್ಟೆಯಿಂದ ಉತ್ತತ್ತಿ ಕದಿಯುವುದನ್ನು ನೋಡಿಯೂ ನೋಡದವರಂತೆ ಮಂತ್ರ ಸ್ವಲ್ಪ ಉದ್ದ ಮಾಡುತ್ತಿದ್ದರು. ಅವ್ವ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಪಾದಪೂಜೆ ಮಾಡುವಾಗ ಅವ್ವ ಕಣ್ಣು ಬಿಟ್ಟದ್ದನ್ನು ನಾನು ಕಂಡಿಲ್ಲ. ಹೆಬ್ಬೆರಳಿನ ಮೇಲೆ ನೀರು ಬಿಡುವುದು, ವಿಭೂತಿ ಹಚ್ಚುವುದು, ಪತ್ರೆ ಏರಿಸುವುದು ಎಲ್ಲವೂ ಕೈ ಅಳತೆಯಲ್ಲೇ ನಡೆಯುತ್ತಿತ್ತು.

ಅಯ್ಯನವರಿಗೂ ಶುಗರ್ ಬಂದು ವರ್ಷಗಳಾಗಿದ್ದವು. ಬರದೆ ಏನು ಮಾಡೀತು? ಶ್ರಾವಣದಲ್ಲಿ ಒಂದು ಮನೆಯ ಹೋಳಿಗೆ ಉಂಡು ಇನ್ನೊಂದು ಮನೆಯದು ಬೇಡ ಎನ್ನುವಂತಿಲ್ಲ. ಬೇಡ ಎಂದರೆ ಆ ಮನೆಯವರು ಮುಂದಿನ ಶ್ರಾವಣದವರೆಗೂ ಮುಖ ಗಂಟು ಹಾಕಿಕೊಂಡಿರುತ್ತಾರೆ. "ಭಕ್ತರ ಪ್ರೀತಿ ಹೊಟ್ಟೆಗೆ ಹೋಗಿ ಸಕ್ಕರೆ ಆಗೈತೆ ನೋಡವ್ವ" ಎಂದು ನಗುತ್ತಿದ್ದರು. ಮಾತ್ರೆಯನ್ನೂ ಪ್ರಸಾದದಂತೆ ನೆನಪಾದಾಗ ತೆಗೆದುಕೊಳ್ಳುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವ್ವ, ಓಣಿಯ ನಾಲ್ಕಾರು ಮನೆಯವರು, ಅಯ್ಯನವರು ಸೇರಿ ಟೆಂಪೊ ಮಾಡಿಕೊಂಡು ಹೊಳೆ ದಂಡೆಯ ಕ್ಷೇತ್ರ ಉಕ್ಕಡಗಾತ್ರಿಗೆ ಹೋಗಿ ಬಂದರು. ಆ ಸಂಜೆಯೇ ಅವ್ವನ ಫೋನು.

"ಏನು ಹೇಳ್ಲಿ ಮಗಳೇ! ಹೊಳ್ಯಾಗೆ ಕಾಲು ತೊಳಕಂಡು ಮ್ಯಾಲೆ ಬಂದ್ವಿ. ಸುಡು ಸುಡು ಮಧ್ಯಾಹ್ನ, ಚಪ್ಲಿ ಟೆಂಪೊದಾಗೆ ಬಿಟ್ಟಿದ್ವಿ. ಕಲ್ಲು ಕಾದು ಹಂಚಾಗಿತ್ತು. ಓಣಿಯೋರೆಲ್ಲ ಕುಣಕಂತ ಓಡಿದ್ರು. ನಮ್ಮ ಅಯ್ಯನೋರು ನೋಡು, ನಿಧಾನಕ್ಕೆ, ಹೂವಿನ ಮ್ಯಾಲೆ ನಡದಂಗೆ ನಡಕಂಡು ಬಂದ್ರು. ಒಂಚೂರು ಮುಖ ಕಿವುಚಲಿಲ್ಲ. ಅವರ ಪಾದಕ್ಕೆ ಬಿಸಿ ತಟ್ಟಲ್ಲ. ತಪಸ್ಸು ಅಂದ್ರೆ ಅದು."

ನಾನು ಆಗ ಮನೆಗೆ ಹೊರಟು ಕಾರಿನ ಕೀಲಿ ಹುಡುಕುತ್ತಿದ್ದೆ. ಅವ್ವನ ಪವಾಡದ ಕತೆಗಳು ನನಗೆ ಹೊಸವಲ್ಲ. ಹೂಂ ಹೂಂ ಎನ್ನುತ್ತ ಕೇಳಿ ಫೋನಿಟ್ಟೆ. ಓಣಿಯವರೆಲ್ಲ ಆ ಕತೆಯನ್ನು ನಂಬಿದರು, ಇನ್ನೊಂದಿಷ್ಟು ಉಪ್ಪು ಖಾರ ಹಚ್ಚಿದರು. ಮುಂದಿನ ವಾರಕ್ಕೆ ಅಯ್ಯನವರು ಆ ಕಲ್ಲಿನ ಮೇಲೆ ನಿಂತೇ ಜಪ ಮಾಡಿದರು ಎನ್ನುವಲ್ಲಿಗೆ ಬಂದಿತ್ತು ಸುದ್ದಿ.

ಶ್ರಾವಣ ಬಂತು. ಮೊದಲ ಸೋಮವಾರ ಅಯ್ಯನವರು ಬಂದರು, ಆದರೆ ಮಣೆಯ ಮೇಲೆ ಕೂರಲಿಲ್ಲ. ಕಾಲಿಗೆ ಕಾಲುಚೀಲ ಹಾಕಿಕೊಂಡಿದ್ದರಂತೆ. "ಶೀತ ಆಗೈತೆ ತಾಯಿ, ಈ ಸಲ ಪಾದಕ್ಕೆ ನೀರು ಬ್ಯಾಡ, ಕೈ ಮುಗಿದುಬಿಡು ಸಾಕು" ಎಂದರಂತೆ. ಎರಡನೆಯ ಸೋಮವಾರವೂ ಹಾಗೇ. ಅವ್ವನಿಗೆ ಅನ್ನ ಸೇರದಾಯಿತು. ಯಾವ ತಪ್ಪಾಯಿತು ನಮ್ಮಿಂದ, ಮಡಿಯಲ್ಲಿ ಏನು ಕಡಿಮೆಯಾಯಿತು, ಸೊಸೆ ಏನಾದರೂ ಅಂದಳೇ ಎಂದು ದಿನಕ್ಕೊಂದು ಅನುಮಾನ. ಆಮೇಲೆ ಹಿಂದಿನ ಬೀದಿಯವರ ಮನೆಯಲ್ಲಿ ಮಾತ್ರ ಪೂಜೆ ಮಾಡಿಸಿಕೊಳ್ಳುತ್ತಿದ್ದಾರೆ ಎಂಬ ಅನುಮಾನ ಹತ್ತಿ, ಮಜ್ಜಿಗೆ ಕೇಳುವ ನೆಪದಲ್ಲಿ ಅಲ್ಲಿಗೂ ಹೋಗಿ ಬಂದಳು. ಹಿಂದಿನ ಬೀದಿಯವರು ನಮ್ಮ ಮನೆಯ ಮೇಲೆ ಅದೇ ಅನುಮಾನ ಇಟ್ಟುಕೊಂಡು ಕೂತಿದ್ದರಂತೆ. ಇಬ್ಬರೂ ಒಂದು ಗಂಟೆ ಒಟ್ಟಿಗೆ ಅತ್ತರೆಂದು ಅಣ್ಣ ಹೇಳಿ ನಕ್ಕ.

"ನೀನು ಬಾ. ನಿನ್ನ ಮ್ಯಾಲೆ ಅಯ್ಯನೋರಿಗೆ ಪ್ರೀತಿ. ನೀನು ಕೇಳಿದ್ರೆ ಹೇಳ್ತಾರೆ" ಎಂದಳು ಅವ್ವ. ಮೂರನೆಯ ಸೋಮವಾರ ರಜೆ ಹಾಕಿ ಹರಿಹರಕ್ಕೆ ಹೋದೆ. ನಿಜ ಹೇಳಬೇಕೆಂದರೆ ನನಗೂ ಅಯ್ಯನವರ ಮೇಲೆ ಸಣ್ಣ ಮುನಿಸಿತ್ತು. ನಮ್ಮವ್ವನನ್ನು ಅಳಿಸಲು ಇವರಿಗೇನು ಬಂತು ಎಂದುಕೊಂಡೇ ಒಳಗೆ ಕಾಲಿಟ್ಟೆ.

ಅಯ್ಯನವರು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಸೆಖೆಗೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಕಾಲಲ್ಲಿ ಕಂದು ಬಣ್ಣದ ದಪ್ಪ ಕಾಲುಚೀಲ. ನಮಸ್ಕಾರಕ್ಕೆ ಬಗ್ಗಿದೆ. ಬಗ್ಗಿದವಳು ಹಾಗೆಯೇ ನಿಂತೆ. ಊದಿನಕಡ್ಡಿ, ವಿಭೂತಿ, ಮಲ್ಲಿಗೆ ಎಲ್ಲದರ ನಡುವೆ ಇನ್ನೊಂದು ವಾಸನೆ ಇತ್ತು. ಅದು ನನಗೆ ನನ್ನ ಅಡುಗೆಮನೆಯ ವಾಸನೆಯಷ್ಟೇ ಪರಿಚಯ. ದಿನಾ ಅದರಲ್ಲೇ ಕೆಲಸ ಮಾಡುವವಳು ನಾನು. ಒಂದೇ ಕ್ಷಣದಲ್ಲಿ ಉಕ್ಕಡಗಾತ್ರಿಯ ಕಲ್ಲು, ಹೂವಿನ ಮೇಲೆ ನಡೆದ ಹಾಗೆ ನಡೆದದ್ದು, ಎಲ್ಲ ನೆನಪಾಯಿತು. ತಪಸ್ಸೂ ಅಲ್ಲ ಎಂಥದೂ ಅಲ್ಲ. ಸಕ್ಕರೆ ಅವರ ಪಾದದ ನರಗಳನ್ನು ತಿಂದುಹಾಕಿತ್ತು. ಕಲ್ಲು ಸುಟ್ಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಅವ್ವನನ್ನು ಚಹಾ ಮಾಡಲು ಒಳಗೆ ಕಳಿಸಿ, ಅವರ ಮುಂದೆ ನೆಲದ ಮೇಲೆ ಕೂತೆ.

"ಅಯ್ಯನೋರೆ, ಬಲಗಾಲೋ ಎಡಗಾಲೋ?"

ಅವರು ನಕ್ಕರು. ಆ ನಗು ಹಳೆಯ ನಗು ಆಗಿರಲಿಲ್ಲ. "ನಿನ್ನ ಮುಂದೆ ಸುಳ್ಳು ನಡೆಯಲ್ಲ ಅಂತ ಗೊತ್ತಿತ್ತವ್ವ. ಅದಕ್ಕೇ ನೀನು ಬರಬಾರ್ದಪ್ಪ ಅಂತ ಬೇಡಿಕಂಡಿದ್ದೆ. ಬಲಗಾಲು."

"ಯಾರಿಗೂ ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಮ್ಮವ್ವ ಈ ಕಾಲು ತೊಳದ ನೀರು ಕುಡೀತಾಳೆ. ಆ ಹಿಂದಿನ ಬೀದಿ ಮುದುಕಿ ಹಸುಗೂಸಿನ ಬಾಯಿಗೂ ಬಿಡ್ತಾಳೆ. ಕೀವು ಸೋರೋ ಕಾಲು ಹೆಂಗೆ ಕೊಡ್ಲಿ ಅವರ ಕೈಗೆ? ಬ್ಯಾಡ ಅಂದ್ರೆ ಅಳ್ತಾರೆ, ಅಳ್ಳಿ. ಬೈತಾರೆ, ಬೈಲಿ. ಅವರು ಚೆಂದ ಇದ್ರೆ ಸಾಕು ಅಂತ ಕಾಲುಚೀಲ ಹಾಕ್ಕಂಡೆ."

ನನ್ನ ಮುನಿಸು ಎಲ್ಲಿ ಹೋಯಿತೋ. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನಾನು ಅತ್ತಾಗ ಸಿಟ್ಟಾಗುತ್ತೇನೆ, ಅದು ಹುಟ್ಟುಗುಣ. "ಏಳ್ರಿ, ಈಗ್ಲೇ ದಾವಣಗೆರೆಗೆ. ಚಹಾನೂ ಬ್ಯಾಡ, ಏನೂ ಬ್ಯಾಡ" ಎಂದೆ. ಲೋಟ ಹಿಡಿದು ಬಂದ ಅವ್ವ ಬಾಗಿಲಲ್ಲೇ ನಿಂತು, "ಇವಳು ಏನಂದ್ಲಪ್ಪ ಅಯ್ಯನೋರಿಗೆ!" ಎಂದು ಬಾಯಿ ಬಡಿದುಕೊಂಡಳು. ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಅಯ್ಯನವರು ಕಿಟಕಿಯ ಗಾಜು ತಾವೇ ಇಳಿಸಿಕೊಂಡರು, ವಾಸನೆ ನನಗೆ ಬಡಿಯಬಾರದೆಂದು.

ಆಸ್ಪತ್ರೆಯ ನನ್ನ ಕೋಣೆಯಲ್ಲಿ ಅವರನ್ನು ಮಂಚದ ಮೇಲೆ ಮಲಗಿಸಿ ಕಾಲುಚೀಲ ಬಿಚ್ಚಿದೆ. ಮೇಲಿನಿಂದ ನೋಡಿದರೆ ಅದೇ ಪಾದ. ಬಾಲ್ಯದಿಂದ ನಾನು ಹಣೆ ಹಚ್ಚಿದ, ಉದ್ದ ಬೆರಳಿನ, ವಿಭೂತಿಯ ಗೆರೆ ಕೂತ ಪಾದ. ಬೆರಳು ಸ್ವಲ್ಪ ಊದಿತ್ತು, ಅಷ್ಟೇ. ಅಂಗಾಲು ತಿರುಗಿಸಿದೆ. ಹೆಬ್ಬೆರಳಿನ ಅಡಿಯಲ್ಲಿ ದಪ್ಪನೆಯ ಜಡ್ಡು, ಅದರ ನಡುವೆ ಹುರಿಗಡಲೆಯಷ್ಟು ತೂತು, ಸುತ್ತ ಕೆಂಪು. ಇಷ್ಟು ಮನೆಗಳಲ್ಲಿ ಇಷ್ಟು ವರ್ಷ ಪೂಜೆಯಾದ ಪಾದದ ಅಡಿಭಾಗವನ್ನು ಯಾರೂ ಒಮ್ಮೆಯೂ ನೋಡಿರಲಿಲ್ಲ.

ತೂತು ಸಣ್ಣದಿದೆ ಎಂದು ಸಮಾಧಾನ ಪಡುವ ಹಾಗಿಲ್ಲ ಎಂಬುದನ್ನು ನಾನು ದಿನಾ ಬಂದವರಿಗೆಲ್ಲ ಹೇಳುತ್ತೇನೆ. ಹುಣ್ಣು ಎಷ್ಟು ಅಗಲ ಎನ್ನುವುದು ಕಣ್ಣಿಗೆ ಕಾಣುತ್ತದೆ. ಎಷ್ಟು ಆಳ, ಕೀವು ಎಲ್ಲಿಯವರೆಗೆ ಹೋಗಿದೆ, ಮಾಯಿಸಲು ಬೇಕಾದ ರಕ್ತ ಅಲ್ಲಿಗೆ ಬರುತ್ತಿದೆಯೇ ಎನ್ನುವುದನ್ನು ಕೈಯಿಂದಲೇ ಹುಡುಕಬೇಕು. ಮೊದಲು ಕೈಯ ಹಿಂಭಾಗ ಇಟ್ಟು ಎರಡೂ ಪಾದಗಳ ಬಿಸಿ ನೋಡಿದೆ. ಬಲಗಾಲು ಕಾದಿತ್ತು, ಕೆಂಪು ಬೆರಳಿನ ಬುಡಕ್ಕೆ ಬಂದು ನಿಂತಿತ್ತು. ಆಮೇಲೆ ನೈಲಾನಿನ ಎಳೆ ತೆಗೆದೆ. ಹಿಡಿಕೆಗೆ ಕಟ್ಟಿದ, ಮೀನಿನ ಗಾಳದ ದಾರದಂಥ ಎಳೆ ಅದು. ಪಾದಕ್ಕೆ ತಾಗಿಸಿ ಅದು ಬಾಗುವವರೆಗೆ ಒತ್ತುವುದು, ಗೊತ್ತಾದರೆ ರೋಗಿ ಹೇಳುವುದು.

"ಕಣ್ಣು ಮುಚ್ಚಿ ಅಯ್ಯನೋರೆ. ಮುಟ್ಟಿದ್ದು ಗೊತ್ತಾದ್ರೆ ಹೂಂ ಅನ್ರಿ."

ಮೊಣಕಾಲ ಕೆಳಗೆ ಹೂಂ ಎಂದರು. ಕಣಕಾಲಿನ ಹತ್ತಿರ ತಡೆದು ಹೂಂ ಎಂದರು. ಪಾದಕ್ಕೆ ಬಂದಾಗ ಸುಮ್ಮನಾದರು. ಹಿಮ್ಮಡಿ, ಅಂಗಾಲು, ಬೆರಳಿನ ತುದಿ, ಎಲ್ಲ ಕಡೆ ಎಳೆ ಬಾಗಿತು. ಅವರು ಕಣ್ಣು ಮುಚ್ಚಿಕೊಂಡೇ, "ಶುರು ಮಾಡವ್ವ, ಯಾಕ ತಡ?" ಎಂದರು.

ಎಳೆಯನ್ನು ಬದಿಗಿಟ್ಟೆ. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದೆ. ಕಾಲಿನ ನಾಡಿ ಸಿಗುವುದು ಸುಲಭವಲ್ಲ. ಎಷ್ಟೋ ಸಲ ನನ್ನ ಬೆರಳಿನ ನಾಡಿಯೇ ರೋಗಿಯದೆಂದು ಮೋಸ ಮಾಡುತ್ತದೆ. ಉಸಿರು ಬಿಗಿಹಿಡಿದು ಕಾದೆ. ಸಿಕ್ಕಿತು. ಪಾದದ ಮೇಲೂ, ಕಣಕಾಲಿನ ಒಳಗಿಣ್ಣಿನ ಹಿಂದೆಯೂ, ಗಟ್ಟಿಯಾಗಿ, ಗಡಿಬಿಡಿಯಿಲ್ಲದೆ ಬಡಿಯುತ್ತಿತ್ತು. ನಾನು ಆ ದಿನ ಮೊದಲ ಬಾರಿ ನಕ್ಕೆ.

"ರಕ್ತ ಚೆನ್ನಾಗಿ ಹರೀತೈತೆ ಅಯ್ಯನೋರೆ."

"ನಿಮ್ಮ ಮನೆ ತುಪ್ಪದ್ದು" ಎಂದರು.

ಜಡ್ಡು ಕೆತ್ತಿ ತೆಗೆದೆ. ಅವರಿಗೆ ನೋಯಲಿಲ್ಲ, ನೋವೇ ಆಗದಿರುವುದನ್ನು ನೋಡಿ ನನಗೆ ನೋಯಿತು. ಅಡಿಯಲ್ಲಿ ಕೀವು ತುಂಬಿಕೊಂಡಿತ್ತು. ಅದನ್ನು ತೊಳೆದು, ಮೊನೆ ಮೊಂಡಾದ ಉಕ್ಕಿನ ಕಡ್ಡಿಯನ್ನು ತೂತಿನೊಳಗೆ ಮೆಲ್ಲಗೆ ಬಿಟ್ಟೆ. ಮೆತ್ತಗೆ ನಿಂತರೆ ಮಾಂಸ, ಮಾಯುವ ಆಸೆ ಇದೆ. ಗಟ್ಟಿಯಾಗಿ ತಾಗಿದರೆ ಮೂಳೆ. ಮೆತ್ತಗೇ ನಿಲ್ಲಲಪ್ಪ ಎಂದು ಬೇಡಿಕೊಂಡೆ. ಕಡ್ಡಿ ಮೂಳೆಗೆ ತಾಗಿತು, ಒರಟು ಗೋಡೆಗೆ ಉಗುರು ತಾಗಿದ ಹಾಗೆ. ಎಕ್ಸ್‌ರೇ ಅದನ್ನೇ ಹೇಳಿತು. ಹೆಬ್ಬೆರಳಿನ ಮೂಳೆ ಹುಳ ತಿಂದ ಕಟ್ಟಿಗೆಯ ಹಾಗಾಗಿತ್ತು, ಅದರಾಚೆ ಪಾದದ ಮೂಳೆಗಳು ಇನ್ನೂ ಚೆನ್ನಾಗಿದ್ದವು.

ಅವರ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಹೇಳಿದೆ. ಹೆಬ್ಬೆರಳು ತೆಗೆಯಬೇಕು. ಈಗ ತೆಗೆದರೆ ಬೆರಳಿಗೇ ಮುಗಿಯುತ್ತದೆ, ಬಿಟ್ಟರೆ ಪಾದಕ್ಕೆ ಏರುತ್ತದೆ, ಆಮೇಲೆ ಎಲ್ಲಿ ನಿಲ್ಲುತ್ತದೆಂದು ಹೇಳಲು ನನ್ನಿಂದಾಗದು.

ಅವರು ಎದ್ದು ಕೂತು ಬಲಪಾದವನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೀರು ಬಿಡೋದು ಹೆಬ್ಬೆರಳಿಗೆ ಅಲ್ಲೇನವ್ವ" ಎಂದರು. "ಹೆಬ್ಬೆರಳು ಇಲ್ಲದ ಜಂಗಮನ್ನ ಯಾರು ಕರೀತಾರೆ ಮನಿಗೆ? ಪಾದ ಊನ ಆದ್ಮ್ಯಾಲೆ ಪೂಜೆ ಯಾವುದಕ್ಕೆ ಮಾಡ್ತಾರೆ? ನನಗೆ ಬ್ಯಾರೆ ಕೆಲಸ ಬರಲ್ಲ. ನಾಲ್ಕು ಮನೆ ಬಾಗ್ಲು ತುಳೀದೆ ಸಂಜೆ ಆಗಲ್ಲ ನನಗೆ."

ಕರೆಯುತ್ತಾರೆ ಎಂದು ನಾನು ಹೇಗೆ ಹೇಳಲಿ? ನಮ್ಮವ್ವನ ಮಡಿ ನನಗೆ ಗೊತ್ತಿಲ್ಲವೇ? ಬಿರುಕು ಬಿಟ್ಟ ತೆಂಗಿನಕಾಯಿಯನ್ನು ದೇವರ ಮುಂದಿಡದ ಹೆಂಗಸು ಆಕೆ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನಡೆಯೋಕೆ ಕಾಲಿದ್ರೆ ಅಲ್ಲೇನ್ರಿ ಬಾಗ್ಲು ತುಳಿಯೋದು? ಬೆರಳು ಉಳಿಸ್ಕಂಡು ಕಾಲು ಕೊಡ್ತೀರಾ? ಸಹಿ ಹಾಕ್ರಿ ಸುಮ್ನೆ" ಎಂದು ಗದರಿದೆ. ಅವರು ಹಾಕಿದರು. ಪೆನ್ನು ವಾಪಸು ಕೊಡುವಾಗ, "ಉತ್ತತ್ತಿ ಕದೀತಿದ್ದ ಹುಡುಗಿ ಬೆರಳೂ ಕದೀತಾಳೆ ಅಂತ ಗೊತ್ತಿರಲಿಲ್ಲ" ಎಂದರು. ಹೊರಗೆ ಹೋಗಿ ಕೈ ತೊಳೆಯುವ ನಲ್ಲಿಯ ಮುಂದೆ ನಿಂತು ಚೆನ್ನಾಗಿ ಅತ್ತು ಬಂದೆ.

ಬೆರಳು ಹೋಯಿತು, ಪಾದ ಉಳಿಯಿತು. ಗಾಯ ಮಾಯುವವರೆಗೆ ಅವರನ್ನು ದಾವಣಗೆರೆಯ ನಮ್ಮ ಮನೆಯಲ್ಲೇ ಇರಿಸಿಕೊಂಡೆ. ಕಾಲು ನೆಲಕ್ಕೆ ಊರಬಾರದು, ಸಿಹಿ ತಿನ್ನಬಾರದು ಎಂದು ಕಟ್ಟಪ್ಪಣೆ. ಎರಡನೆಯದಕ್ಕೆ ಬಹಳ ಜಗಳವಾಡಿದರು. ಡ್ರೆಸಿಂಗಿಗೆ ಕರೆದುಕೊಂಡು ಹೋದಾಗ ಹೊರಗಿನ ಬೆಂಚಿನಲ್ಲಿ ಕೂತವರನ್ನು ಮಾತಾಡಿಸುತ್ತ, ಅವರ ಚಪ್ಪಲಿಯೊಳಗೆ ಕೈ ಹಾಕಿ ಕಲ್ಲು ಮುಳ್ಳು ಇದೆಯೇ ನೋಡುತ್ತಿದ್ದರು. ಜಂಗಮರು ನನ್ನ ಚಪ್ಪಲಿ ಮುಟ್ಟಿದರಲ್ಲ ಎಂದು ಒಬ್ಬಾಕೆ ಬೆಂಚಿನಿಂದಲೇ ಎದ್ದು ಓಡಿದಳು. "ಬಿಸಿ ತಟ್ಟಲ್ಲ ಅಂದ್ರೆ ದೊಡ್ಡಸ್ತಿಕೆ ಅಂದ್ಕಬ್ಯಾಡ್ರಪ್ಪ, ನನ್ನ ನೋಡ್ರಿ" ಎಂದು ಕಟ್ಟು ಕಟ್ಟಿದ ಕಾಲು ತೋರಿಸುತ್ತಿದ್ದರು. ನಾನು ಮಾಡುವುದನ್ನೆಲ್ಲ ಕಣ್ಣಿಟ್ಟು ನೋಡಿದರು, ಕೇಳಿದರು. ಒಂದು ದಿನ ನೈಲಾನಿನ ಎಳೆ ಬೇಕೆಂದರು. ಹಳೆಯದೊಂದನ್ನು ಕೊಟ್ಟೆ, ವಿಭೂತಿಯ ಚೀಲದಲ್ಲಿ ಇಟ್ಟುಕೊಂಡರು.

ಇಷ್ಟು ದಿನವೂ ಅವ್ವ ಬರಲಿಲ್ಲ. ಫೋನು ಮಾಡಿ ಊಟದ ವಿಚಾರ ಕೇಳುತ್ತಿದ್ದಳು, ರೊಟ್ಟಿ ಪಲ್ಯ ಕಟ್ಟಿ ಕಳಿಸುತ್ತಿದ್ದಳು, ತಾನು ಮಾತ್ರ ಬರಲೊಲ್ಲಳು. ಅಯ್ಯನವರು ಕೇಳುತ್ತಿರಲಿಲ್ಲ. ಆದರೆ ನಾನು ಫೋನು ಹಿಡಿದು ಅವ್ವಾ ಎಂದಾಗಲೆಲ್ಲ ಅವರ ಮಾತು ನಿಲ್ಲುತ್ತಿತ್ತು.

ಕಾರ್ತಿಕ ಬಂತು. ಗಾಯ ಮಾಯ್ದು, ಅವರಿಗೆಂದೇ ಅಳತೆ ಕೊಟ್ಟು ಮಾಡಿಸಿದ ಮೆತ್ತನೆಯ ಚಪ್ಪಲಿ ಬಂತು. ಸೋಮವಾರದ ಹಿಂದಿನ ದಿನ ಅವ್ವನ ಫೋನು. "ಅಯ್ಯನೋರ್ನ ಕರ್ಕಂಡು ಬಾ. ಮಣೆ ಹಾಕಿರ್ತೀನಿ."

ಹರಿಹರದ ಮನೆಯ ಪಡಸಾಲೆಯಲ್ಲಿ ಮಣೆ, ಪರಾತ, ತಂಬಿಗೆ, ಪತ್ರೆ ಎಲ್ಲ ಸಿದ್ಧವಿತ್ತು. ಅಯ್ಯನವರು ಹೊಸ್ತಿಲ ಬಳಿ ಚಪ್ಪಲಿ ಬಿಡಲು ಹೋದರು. "ಬ್ಯಾಡ್ರಿ, ಹಾಕ್ಕಂಡೇ ಬರ್ರಿ ಒಳಗೆ" ಎಂದಳು ಅವ್ವ. ನಮ್ಮ ಮನೆಯ ಪಡಸಾಲೆಗೆ ಚಪ್ಪಲಿ ಕಾಲು ಬಂದದ್ದು ಅದೇ ಮೊದಲು. ನಾನು ಬಾಯಿ ತೆರೆದು ನಿಂತೆ. ಅವರು ಕೂತರು. ಚಪ್ಪಲಿ, ಕಾಲುಚೀಲ ತಾವೇ ಬಿಚ್ಚಿದರು.

ಅವ್ವ ಅಂದು ಕಣ್ಣು ಮುಚ್ಚಲಿಲ್ಲ. ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳು ಇಲ್ಲದ ಜಾಗವನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಎಂದಿನಂತೆ ಅದೇ ಜಾಗಕ್ಕೆ ನೀರು ಬಿಟ್ಟಳು. ಅದೇ ಜಾಗಕ್ಕೆ ವಿಭೂತಿ ಹಚ್ಚಿದಳು, ಪತ್ರೆ ಇಟ್ಟಳು, ಅದು ನಿಲ್ಲದೆ ಜಾರಿತು, ಮತ್ತೆ ಇಟ್ಟು ಬೆರಳಲ್ಲಿ ಒತ್ತಿ ಹಿಡಿದಳು. ಪೂಜೆ ಮುಗಿದ ಮೇಲೆ ಬೆರಳುಗಳ ಸಂದಿಯಲ್ಲೆಲ್ಲ ಸೆರಗಿನಿಂದ ಒತ್ತಿ ಒತ್ತಿ ಒರೆಸಿದಳು. ಸಂದಿಯಲ್ಲಿ ತೇವ ನಿಲ್ಲಬಾರದೆಂದು ಫೋನಿನಲ್ಲಿ ಯಾವಾಗಲೋ ಹೇಳಿದ್ದೆ. ಆಮೇಲೆ ಆರತಿಯನ್ನು ಕೆಳಗೆ ತಂದು, ಪಾದ ಎತ್ತಿ, ಅಂಗಾಲಿಗೆ ಬೆಳಕು ಹಿಡಿದು, ಹಿಮ್ಮಡಿಯಿಂದ ಬೆರಳಿನವರೆಗೆ ನೋಡಿದಳು.

"ಮ್ಯಾಲೆ ಮ್ಯಾಲೆ ಪೂಜೆ ಮಾಡಿ ಮಾಡಿ ಒಂದು ಬೆರಳು ಕಳದ್ವಿ ಅಯ್ಯನೋರೆ" ಎಂದಳು. "ಓಣಿಯೋರಿಗೆಲ್ಲ ಹೇಳೀನಿ. ನೀವು ಯಾವ ಮನಿಗೆ ಹೋದ್ರೂ ಇನ್ನು ಹಿಂಗೇ. ನಾಳೆ ಹಿಂದಿನ ಬೀದಿಯೋರು ಕರೀತಾರೆ."

ಇಷ್ಟು ದಿನ ಬಾರದೆ ಆಕೆ ಮಾಡುತ್ತಿದ್ದ ಕೆಲಸ ಇದಾಗಿತ್ತು. ಮನೆ ಮನೆ ತಿರುಗಿ, ಊನವಾದ ಪಾದಕ್ಕೆ ಪೂಜೆಯೇ ಎಂದವರ ಜತೆ ಜಗಳವಾಡಿ, ಒಬ್ಬೊಬ್ಬರನ್ನೇ ಒಪ್ಪಿಸಿದ್ದಳು. ಅಯ್ಯನವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

ಅವ್ವ ತಟ್ಟೆ ಎತ್ತಿಕೊಂಡು ಏಳಹೊರಟಳು. "ಕೂಡು ತಾಯಿ" ಎಂದರು ಅಯ್ಯನವರು. "ನನ್ನ ಕಾಲು ನೋಡಿದ್ದಾತು. ನಿನ್ನ ಕಾಲು ತೋರ್ಸು ಈಗ."

ಅವ್ವನ ಕೈಯ ತಟ್ಟೆ ಠಣ್ ಎಂದಿತು. "ಶಿವ ಶಿವಾ! ಏನು ಮಾತು ಅಂತ ಆಡ್ತೀರಿ! ನಿಮ್ಮ ಕೈಗೆ ನನ್ನ ಕಾಲಾ? ಯಾವ ನರಕಕ್ಕೆ ಹೋಗ್ಲಿ ನಾನು?"

"ನಿನಗೂ ಶುಗರ್ ಐತೆ ಅಂತ ನಿನ್ನ ಮಗಳು ಹೇಳ್ಯಾಳೆ. ಅವಳಿಗೆ ತೋರ್ಸಲ್ಲಂತಲ್ಲ ನೀನು. ಗುರು ಮಾತು ಮೀರ್ತೀಯೇನು? ಹೇಳು, ಮೀರ್ತೀಯಾ?"

ಅಲ್ಲಿಗೆ ಅವ್ವ ಸೋತಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಶಿವ ಶಿವ ಎನ್ನುತ್ತ ಕಾಲು ಚಾಚಿದಳು. ಅಯ್ಯನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲು, ಹಿಮ್ಮಡಿ, ಬೆರಳ ಸಂದಿ ಎಲ್ಲ ನೋಡಿದರು, ಕೈಯ ಹಿಂಭಾಗ ಇಟ್ಟು ಬಿಸಿ ನೋಡಿದರು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಎಲ್ಲೂ ಗಾಯವಿಲ್ಲ, ಚರ್ಮ ಚೆನ್ನಾಗಿತ್ತು. ನನಗೆ ಜೀವ ಬಂದ ಹಾಗಾಯಿತು. ಅವರು ವಿಭೂತಿಯ ಚೀಲದಿಂದ ಎಳೆ ತೆಗೆದರು.

"ಗೊತ್ತಾದ್ರೆ ಹೂಂ ಅನ್ನಬೇಕು ತಾಯಿ."

ಮೀನಖಂಡಕ್ಕೆ ಹೂಂ. ಕಣಕಾಲಿಗೆ ಹೂಂ. ಅಯ್ಯನವರು ಹೆಬ್ಬೆರಳಿನ ಅಡಿಗೆ ಎಳೆ ಇಟ್ಟು ಒತ್ತಿದರು. ಅದು ಬಾಗಿತು. ಅವ್ವ ಸುಮ್ಮನಿದ್ದಳು. ಅಂಗಾಲಿಗೆ ಒತ್ತಿದರು, ಬಾಗಿತು. ಇನ್ನೊಂದು ಕಾಲಿಗೂ ಹಾಗೇ. ಸೆರಗಿನೊಳಗಿಂದ ಅವ್ವನ ದನಿ ಬಂತು. "ಯಾಕ ಸುಮ್ನೆ ಕುಂತ್ರಿ ಅಯ್ಯನೋರೆ? ಬೇಗ ಮುಟ್ಟಿ ಮುಗಿಸ್ರಿ, ಪಾಪ ಸುತ್ತಿಕೊಳ್ತೈತೆ ನನಗೆ."

ಅಯ್ಯನವರು ನನ್ನ ಮುಖ ನೋಡಿದರು. ಎಳೆ ಇನ್ನೂ ಅವ್ವನ ಬೆರಳಿನ ಮೇಲೆ ಬಾಗಿಯೇ ಇತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ತಾರಸಿಯ ಮೇಲೆ ಬರಿಗಾಲಲ್ಲಿ ಓಡಾಡಿ ಸಂಡಿಗೆ ತಿರುವಿಹಾಕುವ ಅವ್ವ ನನಗೆ ನೆನಪಾದಳು. ಹೋದ ವರ್ಷ ನಾನು ಕಾಲು ಸುಡುತ್ತದೆಂದು ಮೆಟ್ಟಿಲಲ್ಲೇ ನಿಂತಾಗ, "ಪ್ಯಾಟೆ ಕಾಲು ನಿಂದು" ಎಂದು ನಕ್ಕಿದ್ದಳು.

ಅಯ್ಯನವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವ್ವನ ಪಾದವನ್ನು ತಮ್ಮ ತೊಡೆಯಿಂದ ಎತ್ತಿ ನನ್ನ ತೊಡೆಯ ಮೇಲಿಟ್ಟು, ಎಳೆಯನ್ನು ನನ್ನ ಕೈಗೆ ಕೊಟ್ಟರು. ನನ್ನ ಕಣ್ಣಿಗೆ ಏನೂ ಕಾಣಿಸುತ್ತಿರಲಿಲ್ಲ. ಎರಡು ಹನಿ ಅವ್ವನ ಪಾದದ ಮೇಲೆ ಬಿದ್ದವು, ಅದೂ ಆಕೆಗೆ ಗೊತ್ತಾಗಲಿಲ್ಲ. ಸೆರಗು ಸರಿಸಿ ನೋಡಿದಳು. ಮೊದಲು ಅಯ್ಯನವರನ್ನು, ಆಮೇಲೆ ನನ್ನನ್ನು, ಆಮೇಲೆ ನನ್ನ ತೊಡೆಯ ಮೇಲಿದ್ದ ತನ್ನ ಕಾಲನ್ನು. ಎಳೆದುಕೊಳ್ಳುತ್ತಾಳೆಂದು ನಾನು ಗಟ್ಟಿಯಾಗಿ ಹಿಡಿದೆ. ಎಳೆದುಕೊಳ್ಳಲಿಲ್ಲ.

"ಅಳ್ತಾ ಕುಂತ್ರೆ ಏನು ಕಾಣ್ತೈತೆ ನಿನಗೆ?" ಎಂದಳು ಅವ್ವ. "ಕಣ್ಣೊರೆಸ್ಕಂಡು ಸರಿಯಾಗಿ ನೋಡು."